ಪಕ್ಕಕ್ಕೆ ಹೋಗಿ ಕೇಳಿ: ಕರಾವಳಿಯ ಮನೆಗೆ ಹೈ-ಎಂಡ್ ಸ್ಪೀಕರ್

ಸ್ಪೀಕರ್ ನೋಡಲು ಅಂಗಡಿಗೆ ಹೊರಡುವ ಮೊದಲು ಮನೆಯ ಹಾಲ್‌ನ ನಡುವೆ ನಿಂತು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿ. ತಟ್ಟಿದ ಮೇಲೆ ‘ಟ್ರ್‌ರ್‌ರ್’ ಎಂದು ಒಂದು ಸದ್ದು ಗೋಡೆಯಿಂದ ಗೋಡೆಗೆ ಓಡಾಡಿದ ಹಾಗೆ ಕೇಳಿದರೆ, ಎಷ್ಟು ಲಕ್ಷದ ಸ್ಪೀಕರ್ ತಂದರೂ ಅದು ಆ ಗೋಡೆಗಳ ಜೊತೆ ಸೇರಿಯೇ ಹಾಡುತ್ತದೆ. ಬಿಜೈ, ಕದ್ರಿ, ಮಣಿಪಾಲ, ಕುಂಜಿಬೆಟ್ಟು, ಎಲ್ಲಿಯ ಹೊಸ ಫ್ಲ್ಯಾಟ್ ನೋಡಿದರೂ ಹೆಚ್ಚುಕಮ್ಮಿ ಹೀಗೇ ಉಂಟು: ಕಾಂಕ್ರೀಟ್ ಸೂರು, ಸಾರಣೆ ಮಾಡಿ ಪುಟ್ಟಿ ಬಳಿದ ಗೋಡೆ, ವಿಟ್ರಿಫೈಡ್ ಟೈಲ್ಸ್ ನೆಲ, ದೊಡ್ಡ ಗಾಜಿನ ಕಿಟಕಿ. ನಮ್ಮ ಸೆಕೆಗೆ ಕಾರ್ಪೆಟ್ ಯಾರೂ ಹಾಸುವುದಿಲ್ಲ. ದಪ್ಪ ಪರದೆ ಹಾಕಿದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

ಲೆಕ್ಕ ಹಾಕಿ ನೋಡಿ. 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆ ಅಂದರೆ 60 ಘನ ಮೀಟರ್; ಗೋಡೆ, ನೆಲ, ಸೂರು ಸೇರಿ 94 ಚದರ ಮೀಟರ್. ಇವು ತಮಗೆ ಬಡಿದ ಧ್ವನಿಯಲ್ಲಿ ಶೇ. 4ರಷ್ಟನ್ನು ಮಾತ್ರ ಹೀರುತ್ತವೆ ಎಂದಿಟ್ಟುಕೊಂಡರೆ, ಸೇಬಿನ್ ಸೂತ್ರದ ಪ್ರಕಾರ ಧ್ವನಿ 60 ಡೆಸಿಬೆಲ್ ಇಳಿಯಲು ಎರಡೂವರೆ ಸೆಕೆಂಡ್ ಬೇಕು. ಮನೆಯಲ್ಲಿ ಸಂಗೀತ ಕೇಳಲು ಬೇಕಾದದ್ದು 0.4ರಿಂದ 0.5 ಸೆಕೆಂಡ್. ಸೋಫಾ, ಪುಸ್ತಕದ ಕಪಾಟು, ಹಾಸಿಗೆ ಬಂದ ಮೇಲೆ ಪರಿಸ್ಥಿತಿ ಸುಧಾರಿಸುತ್ತದೆ ನಿಜ. ಆದರೂ ಮೂರು ಮೀಟರ್ ದೂರ ಕೂತವರ ಕಿವಿಗೆ ಸ್ಪೀಕರಿನಿಂದ ನೇರವಾಗಿ ಬಂದ ಧ್ವನಿಗಿಂತ, ಪಕ್ಕಕ್ಕೂ ಮೇಲಕ್ಕೂ ಹೋಗಿ ಬಡಿದು ತಿರುಗಿ ಬಂದ ಧ್ವನಿಯೇ ಹೆಚ್ಚು. ಹಾಗಾಗಿ ನಮ್ಮ ಊರಿನ ಮನೆಗೆ ಸ್ಪೀಕರ್ ಆರಿಸುವಾಗ, ಎದುರು ಕೂತು ಕೇಳಿದ್ದಕ್ಕಿಂತ ಪಕ್ಕಕ್ಕೆ ಹೋಗಿ ಕೇಳಿದ್ದನ್ನು ಹೆಚ್ಚು ನಂಬಬೇಕು.

ಯಾಕೆ ಅಂದರೆ, ಸ್ಪೀಕರ್ ಎಲ್ಲ ಸ್ವರಗಳನ್ನೂ ಒಂದೇ ಅಗಲಕ್ಕೆ ಹರಡುವುದಿಲ್ಲ. ತರಂಗಾಂತರಕ್ಕಿಂತ, ಅಲುಗಿ ಧ್ವನಿ ಹುಟ್ಟಿಸುವ ಕೋನ್ ತುಂಬ ಚಿಕ್ಕದಿದ್ದರೆ ಧ್ವನಿ ಸುತ್ತಲೂ ಹರಡುತ್ತದೆ. ಎರಡೂ ಹೆಚ್ಚುಕಡಿಮೆ ಸಮವಾದಾಗ ಟಾರ್ಚ್ ಬೆಳಕಿನ ಹಾಗೆ ಮುಂದಕ್ಕೇ ಹೋಗುತ್ತದೆ. ಕೆಳಗಿನ ಸ್ವರಗಳನ್ನು ನುಡಿಸುವ, ಸಾಮಾನ್ಯವಾದ ಆರೂವರೆ ಇಂಚಿನ ವೂಫರಿನಲ್ಲಿ ಅಲುಗುವ ಕೋನ್ ಸುಮಾರು 13 ಸೆಂ.ಮೀ. ಅಗಲ. 30 ಡಿಗ್ರಿ ಸೆಕೆಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ 349 ಮೀಟರ್, ಅಂದರೆ 2,500 ಹರ್ಟ್ಸ್‌ನ ತರಂಗಾಂತರ 14 ಸೆಂ.ಮೀ. ವೂಫರ್, ಟ್ವೀಟರ್ ಎರಡೇ ಇರುವ ಎರಡು-ದಾರಿಯ ಸ್ಪೀಕರುಗಳಲ್ಲಿ ಕ್ರಾಸ್‌ಓವರ್, ಅಂದರೆ ಒಂದು ಬಿಟ್ಟು ಇನ್ನೊಂದು ನುಡಿಯತೊಡಗುವ ಗಡಿ, ಇರುವುದು ಹೆಚ್ಚಾಗಿ ಇದೇ ಜಾಗದಲ್ಲಿ. ಅಲ್ಲಿಗೆ ಬರುವಷ್ಟರಲ್ಲಿ ವೂಫರಿನ ಧ್ವನಿ ಪಕ್ಕಕ್ಕೆ ಸೊರಗಿರುತ್ತದೆ. ಅದರ ಮೇಲಿನ ಸ್ವರಗಳನ್ನು ವಹಿಸಿಕೊಳ್ಳುವ ಟ್ವೀಟರ್ 25 ಮಿ.ಮೀ. ಡೋಮ್ (ಪುಟ್ಟ ಗುಮ್ಮಟ), ಚಪ್ಪಟೆ ಹಲಗೆಯಲ್ಲಿ ಕೂತರೆ 3,000 ಹರ್ಟ್ಸ್‌ನಲ್ಲಿ ಎಲ್ಲ ಕಡೆಗೂ ಚೆಲ್ಲುತ್ತದೆ. ಯಾವ ಸ್ವರ ಎಷ್ಟು ಜೋರು ಎಂದು ಎದುರಿನಿಂದ ಅಳೆದು ಎಳೆದ ಗೆರೆ ನೆಟ್ಟಗೇ ಇರುತ್ತದೆ. 60 ಡಿಗ್ರಿ ಪಕ್ಕದಿಂದ ಅಳೆದರೆ 2,000 ಹರ್ಟ್ಸ್ ಹತ್ತಿರ ಒಂದು ಗುಂಡಿ, 3,000–4,000 ಹರ್ಟ್ಸ್‌ನಲ್ಲಿ ಒಂದು ದಿಬ್ಬ. ಕಾರ್ಪೆಟ್ ಹಾಸಿದ ಕೋಣೆಯಲ್ಲಿ ಆ ದಿಬ್ಬ ಕಿವಿಗೆ ಬೀಳದೆ ಹೋಗಬಹುದು. ನಮ್ಮ ಬೋಳು ಗೋಡೆಗೆ ಬಡಿದು ಅದು ಹಾಗೆಯೇ ವಾಪಸ್ ಬರುತ್ತದೆ. ‘ಟ್ರೆಬಲ್ ಚುಚ್ಚುತ್ತದೆ, ಅರ್ಧ ಗಂಟೆಯಲ್ಲಿ ತಲೆ ನೋಯುತ್ತದೆ’ ಎಂಬ ದೂರಿಗೆ ಎಷ್ಟೋ ಸಲ ಕಾರಣ ಇದು. ಆಂಪ್ಲಿಫೈಯರ್ ಬದಲಿಸಿದರೂ ಕೇಬಲ್ ಬದಲಿಸಿದರೂ ಅದು ಹೋಗುವುದಿಲ್ಲ.

ಇದಕ್ಕೆ ವಿನ್ಯಾಸದಲ್ಲೇ ಪರಿಹಾರ ಬೇಕು. ಟ್ವೀಟರ್ ಸುತ್ತ ತಟ್ಟೆಯ ಹಾಗೆ ಒಳಸರಿದ ವೇವ್‌ಗೈಡ್ ಇದ್ದರೆ, ಕ್ರಾಸ್‌ಓವರ್ ಬಳಿ ಅದರ ಹರವು ವೂಫರಿನ ಹರವಿಗೆ ಸರಿಹೊಂದುತ್ತದೆ. ಕೆಇಎಫ್ ಕಂಪನಿ 1988ರಲ್ಲಿ ತಂದ ಯೂನಿ-ಕ್ಯೂ ತರಹ ಟ್ವೀಟರನ್ನು ಕೋನಿನ ಮಧ್ಯದಲ್ಲೇ ಕೂರಿಸುವುದು ಇನ್ನೊಂದು ದಾರಿ. ಮೂರು-ದಾರಿಯ ಸ್ಪೀಕರಿನಲ್ಲಿ ನಡುವಿನ ಸ್ವರಗಳಿಗೆಂದೇ 10 ಸೆಂ.ಮೀ. ಆಸುಪಾಸಿನ ಮಿಡ್‌ರೇಂಜ್ ಹಾಕುವುದು ಮೂರನೆಯದು. ವಜ್ರದ ಡೋಮ್, ಬೆರಿಲಿಯಂ ಡೋಮ್ ಎಂದು ಬ್ರೋಷರಿನಲ್ಲಿ ದಪ್ಪ ಅಕ್ಷರದಲ್ಲಿ ಇರುತ್ತದಲ್ಲ, ಅದರಿಂದ ಡೋಮ್ ತಾನೇ ಒದರುವ ಆವರ್ತನ ಕಿವಿಯ ಮಿತಿಯಿಂದ ಆಚೆಗೆ ಹೋಗುತ್ತದೆ. ಒಳ್ಳೆಯದೇ. ಆದರೆ ಧ್ವನಿ ಪಕ್ಕಕ್ಕೆ ಹೇಗೆ ಹರಡುತ್ತದೆ ಎಂಬುದನ್ನು ನಿರ್ಧರಿಸುವುದು ಡೋಮಿನ ಗಾತ್ರ ಮತ್ತು ಅದರ ಸುತ್ತಲಿನ ಆಕಾರ, ಡೋಮ್ ಯಾವುದರಿಂದ ಮಾಡಿದ್ದು ಎಂಬುದಲ್ಲ.

ಕೊಳ್ಳುವ ಮೊದಲು ಅಳತೆಯ ಚಿತ್ರ ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು. ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ, 1991ರಿಂದ ಹಾರ್ಮನ್ ಕಂಪನಿಯಲ್ಲಿ ಕೆಲಸ ಮಾಡಿದ ಫ್ಲಾಯ್ಡ್ ಟೂಲ್ ಮತ್ತು ಅವರ ಜೊತೆಗಾರ ಶಾನ್ ಆಲಿವ್ ಅವರ ಸಂಶೋಧನೆಯಿಂದ ಬೆಳೆದದ್ದು ‘ಸ್ಪಿನೊರಾಮ’ ಎಂಬ ಅಳತೆ. ಸ್ಪೀಕರನ್ನು ಅಡ್ಡಕ್ಕೂ ಉದ್ದಕ್ಕೂ 10 ಡಿಗ್ರಿಗೊಮ್ಮೆ ತಿರುಗಿಸಿ ಒಟ್ಟು 70 ಕಡೆಯಿಂದ ಅಳೆಯುತ್ತಾರೆ. ಸಿಟಿಎ-2034 ಎಂಬ ಮಾನದಂಡ ಇದೇ. ಓದುವ ಕ್ರಮ ಹೀಗೆ: ಎದುರಿನ ಗೆರೆ ಸುಮಾರು ±1.5 ಡೆಸಿಬೆಲ್ ಒಳಗೆ ಇರಬೇಕು. ಗೋಡೆಗಳ ಮೊದಲ ಪ್ರತಿಫಲನದ ಗೆರೆ ಗುಂಡಿ-ದಿಬ್ಬ ಇಲ್ಲದೆ ನಿಧಾನಕ್ಕೆ ಬಲಕ್ಕೆ ಇಳಿಯಬೇಕು. ಕೆಳಗಿರುವ ಡೈರೆಕ್ಟಿವಿಟಿ ಗೆರೆ, ಅಂದರೆ ಎದುರಿನ ಧ್ವನಿಗೂ ಸುತ್ತ ಹರಡುವ ಧ್ವನಿಗೂ ಇರುವ ಅಂತರ, ನಯವಾಗಿ ಏರಬೇಕು. ಒಂದೇ ಉಬ್ಬು ಎಲ್ಲ ಗೆರೆಗಳಲ್ಲೂ ಅದೇ ಜಾಗದಲ್ಲಿ ಇದ್ದರೆ ಅದು ಅನುರಣನ. ಕೋನ್ ಅಥವಾ ಪೆಟ್ಟಿಗೆ ತಾನೇ ಮಿಡಿಯುತ್ತಿದೆ, ಕಿವಿಗೆ ಖಂಡಿತ ತಾಗುತ್ತದೆ. ಎದುರಿನ ಗೆರೆಯಲ್ಲಿ ಮಾತ್ರ ಇದ್ದರೆ ಪೆಟ್ಟಿಗೆಯ ಅಂಚಿನಿಂದ ಬಂದದ್ದು, ಅಷ್ಟು ಹೆದರಬೇಕಿಲ್ಲ. ಎಲ್ಲ ಗೆರೆಗಳೂ ಒಟ್ಟಿಗೆ ಓರೆಯಾಗಿದ್ದರೆ ಈಕ್ವಲೈಜರ್‌ನಲ್ಲಿ ಸರಿಪಡಿಸಬಹುದು. ಡೈರೆಕ್ಟಿವಿಟಿಯೇ ಮುರಿದಿದ್ದರೆ ಯಾವ ಈಕ್ವಲೈಜರ್‌ಗೂ ಅದು ಸಾಧ್ಯವಿಲ್ಲ. ಎದುರಿನದ್ದು ಸರಿಮಾಡಲು ಹೋದರೆ ಪಕ್ಕದ್ದು ಕೆಡುತ್ತದೆ.

ಈಗ ಕೇಳುವ ವಿಷಯ. ಮೊದಲು ಫ್ಯಾನ್ ನಿಲ್ಲಿಸಿ. ಮೂರು ರೆಕ್ಕೆಯ ಫ್ಯಾನ್ ನಿಮಿಷಕ್ಕೆ 300 ಸುತ್ತು ತಿರುಗಿದರೆ ಸೆಕೆಂಡಿಗೆ 15 ಸಲ ಧ್ವನಿಯನ್ನು ಕತ್ತರಿಸುತ್ತದೆ; ಎಳೆದು ಹಾಡಿದ ಸ್ವರ ನಡುಗಿದ ಹಾಗೆ ಕೇಳುತ್ತದೆ. ಸೆಕೆ ತಡೆಯದಿದ್ದರೆ ಎಸಿ ಹಾಕಿ ಕೋಣೆ ತಂಪಾದ ಮೇಲೆ ಆಫ್ ಮಾಡಿ. ಹಂಚಿನ ಮನೆಯಲ್ಲಿ ಆಟಿಯ ಮಳೆ ಹೊಡೆಯುವಾಗ ಸ್ಪೀಕರ್ ಪರೀಕ್ಷೆಗೆ ಕೂರಲೇಬೇಡಿ, ಮೆಲುದನಿಯ ವಿವರವೆಲ್ಲ ಆ ಸದ್ದಿನಲ್ಲಿ ಮುಳುಗಿರುತ್ತದೆ. ಎರಡು ಸ್ಪೀಕರ್ ಹೋಲಿಸುವುದಾದರೆ ಎರಡರ ಸದ್ದೂ ಸಮ ಇರಬೇಕು. ಕೂರುವ ಜಾಗದಲ್ಲಿ ಮೈಕ್ ಇಟ್ಟು 500ರಿಂದ 2,000 ಹರ್ಟ್ಸ್ ನಡುವಿನ ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಬೆರೆತ, ಪರೀಕ್ಷೆಗೆ ಬಳಸುವ ಸದ್ದು) ನುಡಿಸಿ, ಅರ್ಧ ಡೆಸಿಬೆಲ್ ಒಳಗೆ ಹೊಂದಿಸಿ. ಒಂದು ಡೆಸಿಬೆಲ್ ಜೋರಿದ್ದದ್ದು ‘ಜೋರು’ ಎಂದು ಕೇಳುವುದಿಲ್ಲ. ‘ಚೆನ್ನಾಗಿದೆ’ ಎಂದು ಕೇಳುತ್ತದೆ. ಅಂಗಡಿಯಲ್ಲಿ ಆಗುವ ತಪ್ಪು ತೀರ್ಮಾನಗಳಲ್ಲಿ ಬಹುಪಾಲು ಇದರಿಂದಲೇ. ಸಾಧ್ಯವಾದರೆ ಸ್ಪೀಕರ್ ಎದುರು ತೆಳು ಬಟ್ಟೆಯ ಪರದೆ ಕಟ್ಟಿಸಿ. ಟೂಲ್ ಮತ್ತು ಆಲಿವ್ 1994ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಕಣ್ಣಿಗೆ ಕಂಡಾಗ ಜನ ಕೊಟ್ಟ ಅಂಕ ಬೇರೆ, ಕಾಣದಿದ್ದಾಗ ಕೊಟ್ಟ ಅಂಕ ಬೇರೆ.

ಮೊದಲ ಸುತ್ತು ಒಂದೇ ಸ್ಪೀಕರಿನಲ್ಲಿ, ಮೋನೊದಲ್ಲಿ ಕೇಳಿ. ಎರಡೂ ನುಡಿಯುವಾಗ ವೇದಿಕೆಯ ಅಗಲ, ಆಳ ಎಂಬ ಬೆರಗಿನಲ್ಲಿ ದೋಷಗಳು ಅಡಗುತ್ತವೆ. ಒಂದೇ ಇದ್ದಾಗ ಬೇಗ ಸಿಕ್ಕಿಬೀಳುತ್ತವೆ. ಪಿಂಕ್ ನಾಯ್ಸ್ ಹಾಕಿ ಎದುರಿನಿಂದ ನಿಧಾನವಾಗಿ ಪಕ್ಕಕ್ಕೆ ನಡೆಯಿರಿ. ಮಳೆ ಸುರಿದಂಥ ಆ ಸದ್ದು ಪಕ್ಕಕ್ಕೆ ಹೋದ ಹಾಗೆ ಸ್ವಲ್ಪ ಮಂದವಾಗುತ್ತಾ ಹೋದರೆ ಸರಿ. ನಡುವೆ ಎಲ್ಲೋ ‘ಶ್’ ಹೋಗಿ ‘ಹ್ವಾ’ ಎಂದು ಬಣ್ಣ ಬದಲಾದರೆ ಅಲ್ಲಿ ಹೊಂದಿಕೆ ತಪ್ಪಿದೆ. ಆಮೇಲೆ ಕುರ್ಚಿಯಿಂದ ಏಳಿ, ಕೂತುಕೊಳ್ಳಿ, ನೆಲಕ್ಕೆ ಕೂತುಕೊಳ್ಳಿ. ಟ್ವೀಟರ್ ಮತ್ತು ವೂಫರ್ ಮೇಲೆ ಕೆಳಗೆ ಇರುವುದರಿಂದ ಎತ್ತರ ಬದಲಾದಾಗ ಕ್ರಾಸ್‌ಓವರ್ ಜಾಗದಲ್ಲಿ ಎರಡರ ಧ್ವನಿ ಒಂದನ್ನೊಂದು ಕಳೆಯುತ್ತದೆ. 10–15 ಡಿಗ್ರಿಯೊಳಗೇ ಟೊಳ್ಳು ಬಂದರೆ, ಚಾಪೆಯಲ್ಲಿ ಕೂತು ಕೇಳುವವರ ಮನೆಗೆ ಆ ಸ್ಪೀಕರ್ ಆಗುವುದಿಲ್ಲ. ಕೊನೆಗೆ ಪಕ್ಕದ ಕೋಣೆಗೆ, ಮನೆಯಾದರೆ ಅಡುಗೆಮನೆಗೆ ಹೋಗಿ. ಅಲ್ಲಿಗೆ ಬರುವುದು ಪೂರ್ತಿ ಪ್ರತಿಫಲಿತ ಧ್ವನಿ. ಅಲ್ಲಿಂದ ಕೇಳಿದಾಗಲೂ ‘ಒಳಗೆ ಯಾರೋ ಹಾಡುತ್ತಿದ್ದಾರೆ’ ಅನ್ನಿಸಿದರೆ ಅದು ನಿಜಕ್ಕೂ ಒಳ್ಳೆಯ ಸ್ಪೀಕರ್. ‘ಒಳಗೆ ರೇಡಿಯೊ ಹಾಕಿದ್ದಾರೆ’ ಅನ್ನಿಸಿದರೆ ಬಿಡಿ.

ಪರೀಕ್ಷೆಗೆ ಅತ್ಯುತ್ತಮ ಧ್ವನಿ ಮನೆಯವರದೇ. ತೋಟದ ನಡುವೆ, ಗೋಡೆಗಳಿಂದ ದೂರ, ಗಾಳಿ ಇಲ್ಲದ ಹೊತ್ತಿನಲ್ಲಿ ಬಾಯಿಯಿಂದ ಒಂದು ಮೀಟರ್ ದೂರ ಮೈಕ್ ಇಟ್ಟು ಎರಡು ನಿಮಿಷದ ಮಾತು ರೆಕಾರ್ಡ್ ಮಾಡಿ. ಅಳತೆಗೆ ಬಳಸುವ ಯುಮಿಕ್-1 ತರಹದ ಯುಎಸ್‌ಬಿ ಮೈಕ್ ಇದಕ್ಕೂ ಆಗುತ್ತದೆ. ಬಯಲಿನಲ್ಲಿ ಪ್ರತಿಧ್ವನಿ ಇರುವುದಿಲ್ಲ, ಹಾಗಾಗಿ ನಿಮ್ಮ ಕೋಣೆಯ ಪ್ರತಿಧ್ವನಿ ಎರಡು ಸಲ ಸೇರುವುದಿಲ್ಲ. ಅದನ್ನು ಮೋನೊದಲ್ಲಿ, ಮಾತಿನಷ್ಟೇ ಜೋರಿಗೆ ನುಡಿಸಿ, ಅದೇ ವ್ಯಕ್ತಿಯನ್ನು ಸ್ಪೀಕರ್ ಪಕ್ಕ ನಿಲ್ಲಿಸಿ ಮಾತಾಡಿಸಿ. ಎದೆಯ ಧ್ವನಿ ಉಬ್ಬಿದರೆ 100–200 ಹರ್ಟ್ಸ್ ಹೆಚ್ಚಿದೆ. ಮೂಗಿನಿಂದ ಬಂದ ಹಾಗಿದ್ದರೆ 800–1,200ರ ಸುತ್ತ. ‘ಸ’, ‘ಶ’, ‘ಚ’ ಉಗುಳಿದ ಹಾಗಿದ್ದರೆ 5,000–8,000ರಲ್ಲಿ.

ಇನ್ನು ಯಕ್ಷಗಾನದ ಚೆಂಡೆ. ಕೋಲು ಚರ್ಮಕ್ಕೆ ತಾಗುವ ಕ್ಷಣದ ಚುರುಕು, ಅದರ ಹಿಂದೆಯೇ ಬರುವ ಚರ್ಮದ ನಾದ, ಎರಡೂ ಬೇರೆಬೇರೆಯಾಗಿ, ಆದರೆ ಒಂದೇ ಪೆಟ್ಟಾಗಿ ಕೇಳಬೇಕು. ಮದ್ದಳೆಯಲ್ಲಿ ಶ್ರುತಿ ಸ್ಪಷ್ಟ ಇರಬೇಕು. ಎಲ್ಲ ಪೆಟ್ಟೂ ಒಂದೇ ‘ದುಂ’ ಆದರೆ ಪೋರ್ಟ್ (ಬಾಸ್ ಹೊರಡಲು ಪೆಟ್ಟಿಗೆಗೆ ಕೊಟ್ಟ ತೂತು) ಅಥವಾ ಕೋಣೆ ತನ್ನದೇ ಸ್ವರ ಸೇರಿಸುತ್ತಿದೆ. ತೆಂಕುತಿಟ್ಟಿನ ಚಕ್ರತಾಳ ಟ್ವೀಟರಿಗೆ ಕಠಿಣ ಪರೀಕ್ಷೆ: ಲೋಹದ ನಾದ ಬಿಡಿಸಿಕೊಂಡು ಇಳಿಯಬೇಕು, ‘ಚಿಸ್’ ಎಂಬ ಮರಳಿನ ಸದ್ದಾಗಬಾರದು. ಭಾಗವತರ ಪದ, ಚೆಂಡೆ, ತಾಳ ಮೂರೂ ಏರುಪದದಲ್ಲಿ ಸೇರಿದಾಗ ಪದದ ಅಕ್ಷರ ಬಿಡಿಬಿಡಿಯಾಗಿ ಸಿಗುತ್ತದೆಯೇ ನೋಡಿ. ಒಂದು ಎಚ್ಚರ: ಆಟದ ರೆಕಾರ್ಡಿಂಗ್ ಬಹಳಷ್ಟು ಮಿಕ್ಸರಿನಿಂದ ನೇರ ಎತ್ತಿದ್ದು, ಚೆಂಡೆಯ ಶಿಖರಗಳು ಮೊದಲೇ ಕತ್ತರಿಸಿಹೋಗಿರುತ್ತವೆ. ಫೈಲನ್ನು ಅಡಾಸಿಟಿ ತಂತ್ರಾಂಶದಲ್ಲಿ ತೆರೆದು, ಅಲೆಗಳ ತುದಿ ಚಪ್ಪಟೆಯಾಗಿದ್ದರೆ ಆ ರೆಕಾರ್ಡಿಂಗ್ ಇಂಥ ಪರೀಕ್ಷೆಗೆ ಬೇಡ.

ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಗಮಕದಲ್ಲಿ ಸ್ವರ ಒಂದರಿಂದ ಇನ್ನೊಂದಕ್ಕೆ ಮುರಿಯದೆ ಜಾರುತ್ತದೆ. ಎಂಜಿನಿಯರುಗಳು ಸೈನ್ ಸ್ವೀಪ್‌ನಿಂದ, ಅಂದರೆ ಕೆಳಗಿನಿಂದ ಮೇಲಕ್ಕೆ ಜಾರುವ ಒಂಟಿ ಸ್ವರದಿಂದ, ಮಾಡುವ ಪರೀಕ್ಷೆಯೇ ಇದು, ಸಂಗೀತವಾಗಿ. ಜಾರುವ ದಾರಿಯಲ್ಲಿ ಒಂದು ಸ್ವರ ಮಾತ್ರ ತಟ್ಟನೆ ಮುಂದಕ್ಕೆ ಬಂದರೆ ಅಥವಾ ಹಿಂದೆ ಸರಿದರೆ, ಕುರ್ಚಿಯನ್ನು ಅರ್ಧ ಮೀಟರ್ ಸರಿಸಿ ಮತ್ತೆ ಕೇಳಿ. ಬೇರೆ ಸ್ವರಕ್ಕೆ ಹೋದರೆ ತಪ್ಪು ಕೋಣೆಯದು. ಅದೇ ಸ್ವರದಲ್ಲಿ ಉಳಿದರೆ ಸ್ಪೀಕರಿನದು.

ಬಾಸ್ ವಿಷಯದಲ್ಲಿ ವಿದೇಶಿ ವಿಮರ್ಶೆಗಳನ್ನು ಇದ್ದ ಹಾಗೇ ನಂಬಬಾರದು. ಅಮೆರಿಕದ ಎಷ್ಟೋ ಮನೆಗಳು ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಹೊಡೆದವು; ಆ ಗೋಡೆ ಸ್ವಲ್ಪ ಬಾಗಿ ಬಾಸನ್ನು ತಿನ್ನುತ್ತದೆ, ಹೊರಗೂ ಬಿಡುತ್ತದೆ. ನಮ್ಮ ಮುರಕಲ್ಲು, ಕಾಂಕ್ರೀಟ್ ಗೋಡೆ ಬಾಗುವುದಿಲ್ಲ. ಮೇಲೆ ಹೇಳಿದ 5×4×3 ಮೀಟರ್ ಕೋಣೆಯಲ್ಲಿ 35, 44, 58 ಹರ್ಟ್ಸ್‌ಗಳಲ್ಲಿ ಅಲೆ ಕಟ್ಟಿಕೊಂಡು ನಿಲ್ಲುತ್ತದೆ, ಅದೂ ಗಟ್ಟಿಯಾಗಿ. ಅಂಥ ಫ್ಲ್ಯಾಟಿಗೆ ಎರಡು ದೊಡ್ಡ ವೂಫರಿನ ನಿಲುಸ್ಪೀಕರ್ ತಂದರೆ ಬಾಸ್ ಗುಂಯ್‌ಗುಟ್ಟಿ ಭಾಗವತರ ಧ್ವನಿ ಕಾಣೆಯಾಗುತ್ತದೆ. ಆದರೆ ಹಳೆಯ ಹಂಚಿನ ಮನೆಯ ಚಾವಡಿ ಬೇರೆ. ಹಂಚಿನ ಸಂದಿಯಿಂದ, ಜಗಲಿಯ ಕಡೆಯಿಂದ ಬಾಸ್ ಹೊರಟುಹೋಗುತ್ತದೆ; ಅಲ್ಲಿ ಅದೇ ದೊಡ್ಡ ಸ್ಪೀಕರ್ ಹಿತವಾಗಿ ಕೇಳುತ್ತದೆ, ಚಿಕ್ಕದು ಬಡಕಲಾಗುತ್ತದೆ. ಹಾಗಾಗಿ ‘ಈ ಮಾಡೆಲಿನ ಬಾಸ್ ಹೇಗೆ?’ ಎಂಬ ಪ್ರಶ್ನೆಗೆ, ಮನೆ ಯಾವ ತರದ್ದು ಎಂದು ಗೊತ್ತಾಗದೆ ಉತ್ತರವಿಲ್ಲ.

ಮುಚ್ಚಿದ ಪೆಟ್ಟಿಗೆಯ ಬಾಸ್, ಅದರ ಮಿತಿಯ ಕೆಳಗೆ, ಆಕ್ಟೇವಿಗೆ (ಆವರ್ತನ ಅರ್ಧವಾದಾಗಲೆಲ್ಲ) 12 ಡೆಸಿಬೆಲ್‌ನಂತೆ ಇಳಿಯುತ್ತದೆ, ಪೋರ್ಟ್ ಇರುವುದರದ್ದು 24. ಕಾಂಕ್ರೀಟ್ ಕೋಣೆ ಕೆಳಗಿನ ಸ್ವರಗಳನ್ನು ತಾನೇ ಎತ್ತಿಕೊಡುವುದರಿಂದ ಫ್ಲ್ಯಾಟಿಗೆ ನನ್ನ ಆಯ್ಕೆ ಮುಚ್ಚಿದ ಪೆಟ್ಟಿಗೆ, ಇಲ್ಲವೇ ಪೋರ್ಟಿಗೆ ಫೋಮ್ ಬಿರಡೆ ಕೊಟ್ಟಿರುವ ಸ್ಪೀಕರ್. ಜಾಗವೂ ಮುಖ್ಯ. ವೂಫರಿನಿಂದ ಹಿಂದಿನ ಗೋಡೆಗೆ 0.8 ಮೀಟರ್ ಇದ್ದರೆ, ಗೋಡೆಗೆ ಬಡಿದು ಬಂದ ಅಲೆ 109 ಹರ್ಟ್ಸ್‌ನಲ್ಲಿ ನೇರ ಅಲೆಯನ್ನು ಕಳೆಯುತ್ತದೆ. ವೇಗವನ್ನು ದೂರದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಸಿಗುವ ಸಂಖ್ಯೆ ಅದು. ಪಕ್ಕದ ಗೋಡೆ, ಹಿಂದಿನ ಗೋಡೆ, ನೆಲ, ಮೂರರ ದೂರವೂ ಒಂದೇ ಆದರೆ ಮೂರೂ ಗುಂಡಿ ಒಂದೇ ಕಡೆ ಬೀಳುತ್ತದೆ, ಬೇರೆಬೇರೆ ಇಡಿ. ಉಚಿತವಾಗಿ ಸಿಗುವ ಆರ್‌ಇಡಬ್ಲ್ಯು ತಂತ್ರಾಂಶದಲ್ಲಿ 20ರಿಂದ 300 ಹರ್ಟ್ಸ್ ಸ್ವೀಪ್ ಓಡಿಸಿ, ಸ್ಪೀಕರನ್ನು 10 ಸೆಂ.ಮೀ. ಸರಿಸುತ್ತಾ ನೋಡಿದರೆ ಒಂದು ಮಧ್ಯಾಹ್ನದಲ್ಲಿ ಜಾಗ ಸಿಗುತ್ತದೆ. ಗೋಡೆಗೆ 50 ಮಿ.ಮೀ. ರಾಕ್‌ವೂಲ್ ಹಲಗೆ ಹಾಕುವವರು ಗೋಡೆಯಿಂದ ಇನ್ನೊಂದು 50 ಮಿ.ಮೀ. ಸಂದಿ ಬಿಡಿ. ಹೀರುವ ಶಕ್ತಿ ಕೆಳಗಿನ ಸ್ವರಗಳಿಗೂ ಇಳಿಯುತ್ತದೆ, ಗಾಳಿ ಆಡುವುದರಿಂದ ಬಟ್ಟೆಗೆ ಬೂಷ್ಟು ಬರುವುದೂ ಕಡಿಮೆ.

ಸೆನ್ಸಿಟಿವಿಟಿ, ಅಂದರೆ ಇಷ್ಟು ವಿದ್ಯುತ್ತಿಗೆ ಸ್ಪೀಕರ್ ಎಷ್ಟು ಜೋರು ಎಂಬ ಅಂಕಿ, ಓದುವಾಗ ಒಂದು ಕಡೆ ಮೋಸಹೋಗಬಾರದು. ‘2.83 ವೋಲ್ಟಿಗೆ 88 ಡೆಸಿಬೆಲ್’ ಅಂದರೆ 8 ಓಮ್‌ಗೆ ಒಂದು ವಾಟ್. 4 ಓಮ್ ಸ್ಪೀಕರಿಗೆ ಅದು ಎರಡು ವಾಟ್, ವಾಟಿನ ಲೆಕ್ಕದಲ್ಲಿ 85. ಬಿಬಿಸಿ 1970ರ ದಶಕದಲ್ಲಿ ತನ್ನ ಹೊರಾಂಗಣ ವ್ಯಾನ್‌ಗಳಿಗಾಗಿ ರೂಪಿಸಿದ ಎಲ್‌ಎಸ್3/5ಎ ಮನುಷ್ಯ ಧ್ವನಿಗೆ ಇವತ್ತಿಗೂ ಮಾದರಿ. ಆದರೆ ಅದರ ಸೆನ್ಸಿಟಿವಿಟಿ ಸುಮಾರು 83. ಚಿಕ್ಕ ಕೋಣೆಯಲ್ಲಿ ಭಾವಗೀತೆಗೆ ಸರಿ, ಅಬ್ಬರದ ಚೆಂಡೆಗೆ ಆಗದು. ಜೋರಾದಾಗ ಕೋನನ್ನು ಅಲುಗಿಸುವ ತಂತಿಸುರುಳಿ, ವಾಯ್ಸ್ ಕಾಯಿಲ್, ಬಿಸಿಯಾಗುತ್ತದೆ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇ. 0.39 ಏರುತ್ತದೆ, 100 ಡಿಗ್ರಿ ಬಿಸಿಯಾದರೆ ಸುಮಾರು 3 ಡೆಸಿಬೆಲ್ ಕಳೆದುಹೋಗುತ್ತದೆ. ಇಪ್ಪತ್ತು ನಿಮಿಷ ಜೋರಾಗಿ ಕೇಳಿದ ಮೇಲೆ ಪೆಟ್ಟಿನ ಚುರುಕು ಸತ್ತಂತಾದರೆ ಕಾರಣ ಇದಿರಬಹುದು. ಇಂಪೀಡೆನ್ಸ್‌ನ (ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆಯ) ಸರಾಸರಿ ನೋಡಿ ಸುಮ್ಮನಾಗದೆ ಕನಿಷ್ಠ ಎಷ್ಟು ಎಂದು ಕೇಳಿ. 3 ಓಮ್‌ಗೆ ಇಳಿಯುವುದಾದರೆ ಆಂಪ್ಲಿಫೈಯರಿಗೆ ಆ ತಾಕತ್ತು ಬೇಕು.

ಪೆಟ್ಟಿಗೆಗೆ ಬೆರಳ ಗಂಟಿನಿಂದ ಬಡಿದರೆ ಪೂರ್ತಿ ಸತ್ಯ ಗೊತ್ತಾಗುವುದಿಲ್ಲ, ಆದರೂ ಬಡಿಯಿರಿ: ದೊಡ್ಡ ಪಕ್ಕದ ಹಲಗೆಯ ಮಧ್ಯದಲ್ಲಿ ಟೊಳ್ಳು ನಾದ ಎಳೆದರೆ ಒಳಗೆ ಅಡ್ಡಪಟ್ಟಿ ಸಾಲದು. ಇಂಪೀಡೆನ್ಸ್ ಗೆರೆಯಲ್ಲಿ 150ರಿಂದ 500 ಹರ್ಟ್ಸ್ ನಡುವೆ ಸಣ್ಣ ಸುಕ್ಕು ಇದ್ದರೂ ಅದೇ ಅರ್ಥ. ಅಂಚಿಗೆ 3 ಮಿ.ಮೀ. ದುಂಡು ಕೊಟ್ಟದ್ದು ಅಂದಕ್ಕೆ ಮಾತ್ರ. ಧ್ವನಿಗೆ ಉಪಕಾರವಾಗಲು 25 ಮಿ.ಮೀ. ಆದರೂ ಬೇಕು.

ಕರಾವಳಿಯಲ್ಲಿ ಪೆಟ್ಟಿಗೆಯ ಮೊದಲ ಶತ್ರು ನೆಲ ಒರೆಸುವ ನೀರು. ಎಂಡಿಎಫ್‌ನ (ಮರದ ನಾರು ಒತ್ತಿ ಮಾಡಿದ ಹಲಗೆಯ) ತಳದ ಅಂಚು ದಿನಾ ಒದ್ದೆಯಾದರೆ ಊದಿ ವೆನೀರ್ ಏಳುತ್ತದೆ. ಗ್ರಾನೈಟ್ ತುಂಡಿನ ಮೇಲೆ ಇಡಿ, ಮೊಳೆಪಾದದ ಕೆಳಗೆ ಲೋಹದ ಬಿಲ್ಲೆ ಇಡಿ. ಇಲ್ಲವಾದರೆ ಟೈಲ್ಸ್ ಒಡೆಯುತ್ತದೆ. ಒರಲೆ ಎಂಡಿಎಫನ್ನೂ ಬಿಡುವುದಿಲ್ಲ, ಹಾಗಾಗಿ ಗೋಡೆಗೆ ತಾಗಿಸಿ ಇಡಬೇಡಿ. ಊರಲ್ಲೇ ಪೆಟ್ಟಿಗೆ ಮಾಡಿಸುವವರು ಐಎಸ್ 710 ಗುರುತಿನ ಮೆರೈನ್ ಪ್ಲೈ ಹಾಕಿಸಿ. ಪಣಂಬೂರು, ಸುರತ್ಕಲ್, ಮಲ್ಪೆ, ಕಾಪುವಿನಂತೆ ಕಡಲಿಗೆ ಹತ್ತಿರವಿದ್ದರೆ ಸ್ಕ್ರೂ, ಜಾಲರಿ, ಟರ್ಮಿನಲ್ ಎಲ್ಲಕ್ಕೂ ಉಪ್ಪಿನ ಗಾಳಿ ತಾಗುತ್ತದೆ. ಬರಿ ತಾಮ್ರದ ತಂತಿ ಹಸಿರುಗಟ್ಟುತ್ತದೆ. ವರ್ಷಕ್ಕೊಮ್ಮೆ ತುದಿ ಕತ್ತರಿಸಿ ಹೊಸದಾಗಿ ಸಿಕ್ಕಿಸಿ, ಅಥವಾ ದೋಣಿಗಳಿಗೆ ಬಳಸುವಂಥ ತವರ ಲೇಪಿತ ತಾಮ್ರದ ತಂತಿ ಹಾಕಿ. ಕೋನ್ ಬದಲು ತೆಳು ಹಾಳೆಯಿಂದ ನುಡಿಯುವ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರಿನ ಧ್ವನಿ ಎಷ್ಟು ಪಾರದರ್ಶಕವಾದರೂ ಅದರ ಹಾಳೆಗೆ ಸಾವಿರಾರು ವೋಲ್ಟ್ ಬೇಕು. ತೇವ, ದೂಳು ಸೇರಿದರೆ ಆ ವಿದ್ಯುತ್ ಸೋರುತ್ತದೆ, ಟಿಕ್ ಟಿಕ್ ಸದ್ದು ಶುರುವಾಗುತ್ತದೆ. ಮಳೆಗಾಲದಲ್ಲಿ ಕೋಣೆಯನ್ನು ಒಣಗಿಸಿಡಲು ಆಗದವರು ಅದನ್ನು ಕೊಳ್ಳಬಾರದು.

ಹಳೆಯದು ಕೊಳ್ಳುವುದಾದರೆ ಮೊದಲು ಜಾಲರಿ ತೆಗೆಸಿ ಕೋನಿನ ಸುತ್ತಲಿನ ಪಟ್ಟಿಯನ್ನು ಬೆರಳಿನಿಂದ ಮೃದುವಾಗಿ ಒತ್ತಿ. ರಬ್ಬರ್ ಆದರೆ ಮೆತ್ತಗೆ ಹಿಂದಕ್ಕೆ ಬರುತ್ತದೆ. ಫೋಮ್ ಆದರೆ ನಮ್ಮ ತೇವಕ್ಕೆ ಹತ್ತು ಹದಿನೈದು ವರ್ಷದಲ್ಲಿ ಅಂಟಾಗಿ ಪುಡಿಯಾಗುತ್ತದೆ. ಹೊಸ ಪಟ್ಟಿ ಅಂಟಿಸಬಹುದು, ಆ ಖರ್ಚು ಬೆಲೆಯಲ್ಲಿ ಕಳೆಯಿರಿ. ಕೋನಿನ ಎರಡು ಬದಿಗೆ ಬೆರಳಿಟ್ಟು ನೇರ ಒಳಗೆ ತಳ್ಳಿದಾಗ ಕರಕರ ಎಂದರೆ ಕಾಯಿಲ್ ಉಜ್ಜುತ್ತಿದೆ, ಬಿಟ್ಟುಬಿಡಿ. ಪೋರ್ಟಿನೊಳಗೆ ಟಾರ್ಚ್ ಹಾಕಿ ನೋಡಿ. ಕಣಜದ ಮಣ್ಣುಗೂಡು, ಇರುವೆ, ಜಿರಲೆ ಎಲ್ಲ ಅಲ್ಲಿ ಸಿಗುತ್ತದೆ. ಒಳಗೇ ಆಂಪ್ಲಿಫೈಯರ್ ಇರುವ ಆಕ್ಟಿವ್ ಸ್ಪೀಕರ್ ಆದರೆ, ಏಪ್ರಿಲ್–ಮೇ ಮತ್ತು ಅಕ್ಟೋಬರಿನ ಸಿಡಿಲಿಗೆ ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ಗನ್ನೂ, ನೆಟ್‌ವರ್ಕ್ ತಂತಿಯನ್ನೂ ಕಿತ್ತಿಡಬೇಕು.